ಗಾಳಿ ಅಳೆಯುವ ಪೆಟ್ಟಿಗೆಗೆ ಆಯುಧಪೂಜೆ

ನಮ್ಮ ಮನೆಯ ಬೀರುವಿನಲ್ಲಿ ಒಂದು ರೇಷ್ಮೆ ಲಂಗ ಇತ್ತು. ಗಿಳಿಹಸಿರು ಬಣ್ಣ, ಅಂಚಿಗೆ ಬೆರಳಗಲದ ಜರಿ. ಸೊಸೆಯೇ ಹೊಲಿದದ್ದು. ಮೊಮ್ಮಗಳು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ ಕೆಳಗೆ ಮಡಿಕೆಯ ಮೇಲೆ ಮಡಿಕೆ ಇಟ್ಟಿದ್ದಳು. ಸಂಕ್ರಾಂತಿಯ ದಿನ ಅದನ್ನು ಹಾಕಿಕೊಂಡು, ಜಡೆಗೆ ಹೂ ಮುಡಿದು, ತಟ್ಟೆ ಹಿಡಿದು, ನಮ್ಮ ಕೂಸು ಬೀದಿಯಲ್ಲಿ ಎಳ್ಳು ಬೀರಲು ಹೋಗಬೇಕು ಅನ್ನುವುದು ನಮ್ಮ ಆಸೆ. ಲಂಗದ ಮಡಿಕೆ ಬಿಚ್ಚಿದ್ದಾಯಿತು, ಮಾರನೇ ವರ್ಷ ಇನ್ನೊಂದು ಬಿಚ್ಚಿದ್ದಾಯಿತು. ಲಂಗ ಮಾತ್ರ ಬೀರುವಿನಿಂದ ಹೊರಗೆ ಬರಲಿಲ್ಲ. ಎರಡು ಸಂಕ್ರಾಂತಿಯೂ ಕೂಸು ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ಮಾಸ್ಕು ಹಾಕಿಕೊಂಡು ಮಲಗಿತ್ತು. ನಾನು ಎಳ್ಳಿನ ಪೊಟ್ಟಣ ತೆಗೆದುಕೊಂಡು ಹೋಗಿ ನರ್ಸಮ್ಮನವರಿಗೆ ಬೀರಿ ಬಂದೆ.

ಕೂಸಿಗೆ ಉಬ್ಬಸ. ಚಳಿ ಶುರುವಾಯಿತೆಂದರೆ ಎದೆಯೊಳಗೆ ಬೆಕ್ಕಿನ ಮರಿ ಕೂತು ಗುರುಗುಟ್ಟಿದ ಹಾಗೆ ಸದ್ದು. ಆಮೇಲೆ ಸುಯ್ ಸುಯ್ ಅನ್ನುವ ಸೀಟಿ. ಆಮೇಲೆ ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದು. ಆಗ ಕೂಸು ಅಳುವುದೂ ಇಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ. ಸುಮ್ಮನೆ ಕಣ್ಣು ಅಗಲಿಸಿ ನನ್ನ ಮುಖ ನೋಡುತ್ತದೆ. ಆ ನೋಟ ಒಂದು ಸಲ ಕಂಡವರು ಸುಮ್ಮನೆ ಕೂರುವುದಿಲ್ಲ. ನಾನಂತೂ ಕೂರಲಿಲ್ಲ.

ನಮ್ಮದು ಮೈಸೂರಿನ ನಜರ್‌ಬಾದಿನ ಹಳೇ ಗಲ್ಲಿ. ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ‘ಶತಾಯುಷ್ಯ’ ಅನ್ನುವಷ್ಟು ಹತ್ತಿರದ ಗೋಡೆಗಳು. ಯಜಮಾನರಿಗೆ ಬೀದಿಯ ತಿರುವಿನಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ಮಗ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು ಕೆಲಸಕ್ಕೆ ಹೋಗುತ್ತಾನೆ. ಸೊಸೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಕೈಕೊಡುವ ತನಕ ಊದಿನಕಡ್ಡಿ ಹೊಸೆದವಳು. ಮಣೆ ಮುಂದೆ ಕೂತರೆ ಇದ್ದಿಲಪುಡಿ ಉಗುರಿನ ಸಂದಿಯಲ್ಲೂ ಮೂಗಿನಲ್ಲೂ. ಆದರೆ ಮನೆಯೆಲ್ಲ ಘಮಘಮ. ಹೊಗೆ ಅಂದರೆ ನನಗೆ ಕೆಟ್ಟದ್ದಲ್ಲವೇ ಅಲ್ಲ. ಹೊಗೆ ಅಂದರೆ ದೇವರು, ಹೊಗೆ ಅಂದರೆ ಅನ್ನ, ಹೊಗೆ ಅಂದರೆ ಬಾಣಂತಿಯ ಸ್ನಾನ. ಕೂಸು ಹುಟ್ಟಿದಾಗ ಸಾಂಬ್ರಾಣಿ ಹಾಕಿ ತಲೆ ಆರಿಸಿದವಳು ನಾನೇ.

ದಸರಾಕ್ಕೆ ಮುಂಚೆ ಒಂದು ದಿನ ಆಸ್ಪತ್ರೆಯ ಎದೆರೋಗ ವಿಭಾಗದಿಂದ ಒಬ್ಬ ಹುಡುಗಿ ಮನೆಗೆ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಟಿಫನ್ ಡಬ್ಬಿಯಷ್ಟು ಗಾತ್ರದ ಬಿಳಿ ಪೆಟ್ಟಿಗೆ. ಉಬ್ಬಸ ಇರುವ ಮಕ್ಕಳ ಮನೆಗಳಲ್ಲಿ ಸಂಶೋಧನೆ ಮಾಡುತ್ತಿದ್ದಾರಂತೆ. ಡಾಕ್ಟರು ನಮ್ಮ ಮನೆ ಗುರುತು ಹಾಕಿಕೊಟ್ಟಿದ್ದರು.

“ಅಜ್ಜಿ, ಇದು ಗಾಳಿ ಅಳೆಯೋ ಪೆಟ್ಟಿಗೆ. ಮನೆಯೊಳಗಿನ ಗಾಳೀಲಿ ಎಷ್ಟು ಹೊಗೆ, ಎಷ್ಟು ಕಣ್ಣಿಗೆ ಕಾಣದ ಧೂಳು ಇದೆ ಅಂತ ತಾನೇ ನೋಡಿ ನಮ್ಮ ಫೋನಿಗೆ ಕಳಿಸತ್ತೆ,” ಅಂದಳು.

“ಕರೆಂಟು ಜಾಸ್ತಿ ಎಳೀತದೇನವ್ವಾ?”

“ಒಂದು ಜೀರೋ ಬಲ್ಬಿನಷ್ಟೂ ಇಲ್ಲ ಅಜ್ಜಿ. ಒಂದೇ ಒಂದು ಮಾತು. ಪೆಟ್ಟಿಗೆ ಇದೆ ಅಂತ ನೀವು ಏನೂ ಬದಲಾಯಿಸ್ಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ.”

ಆಮೇಲೆ ಚೀಲದಿಂದ ಒಂದು ಕೊಳವೆ ತೆಗೆದು ಕೂಸಿನ ಕೈಯಲ್ಲಿ ಊದಿಸಿದಳು. ಎದೆಯಲ್ಲಿ ಎಷ್ಟು ಬಲ ಇದೆ ಅಂತ ನೋಡಲು. ಕೂಸು ಅರ್ಧ ಊದಿ ಕೆಮ್ಮಿತು. “ನೀವೂ ಊದಿ ಅಜ್ಜಿ” ಅಂತ ನನಗೂ ಕೊಟ್ಟಳು. “ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ!” ಅಂತ ಅವಳು ಕೂಗುವುದು, ಹಸಿ ಸೌದೆಯ ಒಲೆ ಮುಂದೆ ಕೂತವಳಂತೆ ನಾನು ಊದುವುದು. ಊದಿ ಮುಗಿಸುವಷ್ಟರಲ್ಲಿ ನನ್ನ ಕಣ್ಣಿಗೆ ಕತ್ತಲೆ ಬಂತು. ಸೊಸೆ ಹೊಲಿಗೆ ಬಿಟ್ಟು ನಗುತ್ತಿದ್ದಳು. ಹುಡುಗಿ ಮಾತ್ರ ನಗಲಿಲ್ಲ. ನಿಮ್ಮದೂ ಸ್ವಲ್ಪ ಕಮ್ಮಿಯೇ ಇದೆ, ಡಾಕ್ಟರಿಗೆ ತೋರಿಸಿ ಅಂದಳು. ಆಗಲಿ ಅಂದೆ. ನನ್ನ ಎದೆಯ ಚಿಂತೆ ಯಾರಿಗೆ ಬೇಕು, ನನ್ನ ಕಣ್ಣೆಲ್ಲ ಕೂಸಿನ ಮೇಲೆ.

ಪೆಟ್ಟಿಗೆಯನ್ನು ನಡುಮನೆಯ ಗೂಡಿನಲ್ಲಿ ಇಟ್ಟು ಹೋದಳು. ಅದರ ಮುಖದ ಮೇಲೆ ಒಂದು ಸಾಲು ಸಣ್ಣ ಸೀಳು, ಒಳಗೆ ಒಂದು ಹಸಿರು ದೀಪ. ಒಳ್ಳೇ ಮಗುವಿನ ಹಾಗೆ ಸದ್ದು ಮಾಡದೆ ಕೂತಿತ್ತು.

ಆಯುಧಪೂಜೆ ಬಂತು. ಮಗ ಕಾರ್ಖಾನೆಯ ಪೂಜೆಗೆ ಹೋದ. ಯಜಮಾನರು ತಕ್ಕಡಿ ತೊಳೆಯಲು ಅಂಗಡಿಗೆ ಹೋದರು. ಮನೆಯ ಪೂಜೆ ನನ್ನದು. ಈಳಿಗೆಮಣೆ, ಕತ್ತರಿ, ಮಿಕ್ಸಿ, ಗ್ರೈಂಡರು, ಸೊಸೆಯ ಹೊಲಿಗೆ ಮೆಷಿನ್ನು ಎಲ್ಲಕ್ಕೂ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದೆ. ತಿರುಗಿ ನೋಡಿದರೆ ಗೂಡಿನಲ್ಲಿ ಆ ಪೆಟ್ಟಿಗೆ ಬೋಳು ಹಣೆಯಲ್ಲಿ ಕೂತಿದೆ. ಸಂಕಟವಾಯಿತು. ನಮ್ಮ ಕೂಸಿಗೋಸ್ಕರ ಹಗಲೂ ರಾತ್ರಿ ದುಡಿಯುತ್ತಿರುವ ಮೆಷಿನ್ನು ಅದೊಂದೇ. ಅದಕ್ಕೇ ಪೂಜೆ ಇಲ್ಲವೆಂದರೆ?

“ಅತ್ತೆ, ಅದಕ್ಕೂನಾ?” ಅಂದಳು ಸೊಸೆ.

“ಅದೇನ್ ಪಾಪ ಮಾಡದೆ ಬುಡು. ದಿನಾ ಇದ್ದಂಗೇ ಇರಿ ಅಂತ ಆ ಹುಡ್ಗೀನೇ ಹೇಳದ್ಲಲ್ಲ. ಆಯುಧಪೂಜೆ ದಿನ ನಾವು ಇರೋದು ಇಂಗೇ ಕಣಮ್ಮ.”

ಸೀಳುಗಳ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಅಚ್ಚುಕಟ್ಟಾಗಿ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ನಡುವೆ ಕುಂಕುಮ. ತಲೆಯ ಮೇಲೆ ಮೊಳ ಹೂ. ಒಂದು ಹಿಡಿ ಊದಿನಕಡ್ಡಿ ಹಚ್ಚಿ ಅದರ ಮುಂದೆಯೇ ಸಿಕ್ಕಿಸಿದೆ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಸುತ್ತ ತೋರಿಸಿದೆ. ಕೂಸು ಪಕ್ಕದಲ್ಲಿ ಕೂತು ಗಂಟೆ ಬಾರಿಸಿತು. ಕರ್ಪೂರದ ತಟ್ಟೆ ಹಿಡಿದು, ನನ್ನ ಕೂಸಿನ ಎದೆ ಹಗುರ ಮಾಡಪ್ಪಾ ಅಂತ ಪೆಟ್ಟಿಗೆಗೆ ಕೈ ಮುಗಿದೆ.

ಕೈ ಇಳಿಸುವಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಆ ಹುಡುಗಿಯೇ.

“ಅಕ್ಕಾ, ಎಲ್ಲಾರೂ ಹುಷಾರಾಗಿದ್ದೀರಾ? ಬೇಗ ಹೊರಗೆ ಬನ್ನಿ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಅನ್ಸತ್ತೆ!”

ಸೊಸೆ ನನ್ನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. “ಬೆಂಕಿ ಅಲ್ಲ ಕಣ್ರೀ,” ಅಂದಳು, “ನಮ್ಮತ್ತೆ.”

ಹಬ್ಬದ ದಿನವೂ ಆ ಹುಡುಗಿ ಸ್ಕೂಟರಿನಲ್ಲಿ ಓಡಿಬಂದಳು. ಅವಳ ಸ್ಕೂಟರಿಗೂ ಹೂವಿನ ಹಾರ, ಚಕ್ರದ ಕೆಳಗೆ ಅಪ್ಪಚ್ಚಿಯಾದ ನಿಂಬೆಹಣ್ಣಿನ ವಾಸನೆ. ಗೂಡಿನ ಮುಂದೆ ನಿಂತು ಪೆಟ್ಟಿಗೆಯನ್ನು ನೋಡಿದಳು. ಬೈಯಲಾಗದೆ, ನಗಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಜ್ಜೀ, ಇದು ಆ ಸೀಳಿನಿಂದಾನೇ ಉಸಿರಾಡೋದು. ವಿಭೂತಿ ಮೆತ್ತಿ ಅರ್ಧ ಮೂಗೇ ಕಟ್ಟಿಬಿಟ್ಟಿದ್ದೀರಲ್ಲ.”

“ಅಯ್ಯೋ, ಅದಕ್ಕೂ ಉಬ್ಬಸ ಬರುಸ್ಬುಟ್ನಾ?” ಅಂದೆ.

ಎಲ್ಲರೂ ನಕ್ಕೆವು. ಅವಳು ಸಣ್ಣ ಬ್ರಷ್ಷು ತೆಗೆದು ಸೀಳುಗಳನ್ನು ಉಜ್ಜಲು ಕೂತಳು. ನಗು ಇನ್ನೂ ಮುಗಿದಿರಲಿಲ್ಲ, ಕೂಸು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಗಂಟೆ ಕೆಳಗಿಟ್ಟು ನನ್ನ ಸೆರಗು ಹಿಡಿಯಿತು. ಸುಯ್ ಅನ್ನುವ ಆ ಸೀಟಿ ಹೊರಟಿತು.

“ಮೊದ್ಲು ಮಗೂನ ಜಗಲಿಗೆ ಕರ್ಕೊಂಡು ಹೋಗಿ, ಗಾಳಿಗೆ!” ಅಂತ ಹುಡುಗಿ ಎದ್ದಳು. ಆಸ್ಪತ್ರೆಯವರು ಕೊಟ್ಟಿದ್ದ, ಉಸಿರಿನ ಜೊತೆ ಔಷಧ ಎಳೆದುಕೊಳ್ಳುವ ಪಂಪನ್ನು ಸೊಸೆ ತಂದು ಕೊಟ್ಟಳು. ಹುಡುಗಿ ಅದನ್ನು ಜೊತೆಗೆ ಬಂದಿದ್ದ ಪ್ಲಾಸ್ಟಿಕ್ಕಿನ ಟೊಳ್ಳು ಬುರುಡೆಗೆ ಸಿಕ್ಕಿಸಿ, ಕೂಸಿನ ಬಾಯಿಗೆ ಕೊಟ್ಟು, ಮೆಲ್ಲಗೆ ಉಸಿರು ಎಳೆಸಿದಳು. ಸೀಟಿ ಇಳಿಯುವ ತನಕ ಜಗಲಿಯಿಂದ ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ನಡುಮನೆಯಲ್ಲಿ ಸೂರಿನಿಂದ ಇಳಿಬಿದ್ದ ಬಿಳಿ ಪರದೆಯ ಹಾಗೆ ಹೊಗೆ ನಿಂತಿತ್ತು. ದಿನವೂ ನೋಡಿದ ಹೊಗೆಯೇ. ಅವತ್ತು ಮೊದಲ ಸಲ ಅದು ನನಗೆ ಹೊಗೆಯಾಗಿ ಕಾಣಿಸಿತು.

ಹಬ್ಬ ಕಳೆದ ಮೇಲೆ ಹುಡುಗಿ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಳು. ಫೋನಿಗಿಂತ ದೊಡ್ಡದೊಂದು ಹಲಗೆಯಲ್ಲಿ ಗೆರೆ ತೋರಿಸಿದಳು. ಇಂಗ್ಲಿಷಿನ ಅಕ್ಷರ, ಅಂಕಿ ನನಗೆ ತಿಳಿಯಲಿಲ್ಲ. ಗೆರೆ ತಿಳಿಯಿತು. ಮೈಸೂರಿನಲ್ಲಿ ಹುಟ್ಟಿದವರಿಗೆ ಬೆಟ್ಟ ತಿಳಿಯದೇ ಇರುತ್ತದೆಯೇ? ಒಂದು ಕಡೆ ಚಾಮುಂಡಿ ಬೆಟ್ಟದ ಹಾಗೆ ಗೆರೆ ಮೇಲಕ್ಕೆ ಎದ್ದು ನಿಂತಿತ್ತು.

“ಇದು ನೀವು ಪೆಟ್ಟಿಗೆಗೆ ಪೂಜೆ ಮಾಡಿದ್ದು,” ಅಂದಳು. “ಇದರ ಕಥೆ ನನಗೆ ಗೊತ್ತು. ಮಿಕ್ಕ ದಿನ ಈ ಸಣ್ಣಸಣ್ಣ ಗುಡ್ಡ ಬಂದಿದೆಯಲ್ಲ ಅಜ್ಜಿ, ಇವು ಏನು ಅಂತ ನೀವು ಹೇಳ್ಬೇಕು.”

ಬೆರಳಿಟ್ಟು ನೋಡುತ್ತಾ ಹೋದೆ. ಬೆಳಗಾಗುತ್ತಲೇ ಒಂದು ಗುಡ್ಡ. ಅದು ಬಚ್ಚಲೊಲೆ, ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸುವುದು. ಅದರ ಬೆನ್ನಿಗೇ ಇನ್ನೊಂದು. ಅದು ಯಜಮಾನರ ಪೂಜೆಯ ಧೂಪ. ನಡುಹಗಲಿನಲ್ಲಿ ಒಂದು ಮೊಟಕು ದಿಬ್ಬ, ಒಣಮೆಣಸಿನಕಾಯಿ ಒಗ್ಗರಣೆ. ಮುಸ್ಸಂಜೆಗೆ ನನ್ನ ಊದಿನಕಡ್ಡಿ. ಅದಾದ ಮೇಲೆ ಗೆರೆ ಇಳಿಯಲೇ ಇಲ್ಲ. ಬೆಟ್ಟವಲ್ಲ, ಉದ್ದಕ್ಕೆ ಮಟ್ಟಸವಾದ ದಿಣ್ಣೆ, ಬೆಳಗಿನ ತನಕ.

“ಇದೊಂದು ನನಗೆ ಗೊತ್ತಾಗಲಿಲ್ಲ,” ಅಂದಳು ಹುಡುಗಿ.

“ಸೊಳ್ಳೆಬತ್ತಿ,” ಅಂದೆ. “ಕೂಸು ಮಲಗೋ ಚಾಪೆ ಪಕ್ಕ ಇಡ್ತೀವಿ.”

ಹುಡುಗಿ ಮೆಲ್ಲಗೆ ಹೇಳಿದಳು. “ಹೊಗೆಯಿಂದಲೇ ಕಾಯಿಲೆ ಬಂತು ಅಂತ ನಾವು ಹೇಳಲ್ಲ ಅಜ್ಜಿ. ಏನೇನು ಸೇರಿ ಬರತ್ತೆ ಅಂತಾನೇ ಹುಡುಕ್ತಾ ಇರೋದು. ಆದರೆ ಮಗುವಿನ ಉಸಿರಿನ ಕೊಳವೆ ಒಳಗೇ ಬಾತಿದೆ. ಅದರ ಮೇಲೆ ಹೊಗೆ ಅಂದ್ರೆ ಗಾಯದ ಮೇಲೆ ಖಾರದಪುಡಿ ಹಾಕಿದ ಹಾಗೆ.”

“ಈ ಗುಡ್ಡನೆಲ್ಲ ಕಡಿದು ಮಟ್ಟ ಮಾಡ್ಬುಟ್ರೆ, ಸಂಕ್ರಾಂತಿಗೆ ನನ್ ಕೂಸು ಎಳ್ಳು ಬೀರಕ್ಕೆ ಓಗ್ತದಾ?”

“ಮಾತು ಕೊಡಕ್ಕಾಗಲ್ಲ ಅಜ್ಜಿ. ಹೊಗೆ ನಿಲ್ಲಿಸಿ, ಡಾಕ್ಟರು ಬರೆದಿರೋ ದಿನದ ಪಂಪನ್ನ ತಪ್ಪಿಸದೆ ಕೊಟ್ರೆ, ಆಸ್ಪತ್ರೆ ಸೇರೋ ಸಂಭವ ಕಮ್ಮಿ ಆಗತ್ತೆ. ಅಷ್ಟು ಹೇಳಬಲ್ಲೆ.”

“ಅಷ್ಟು ಸಾಕು,” ಅಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ.

ಆವತ್ತೇ ಸೊಳ್ಳೆಬತ್ತಿಯ ಪೊಟ್ಟಣ ತಿಪ್ಪೆಗೆ ಹೋಯಿತು. ಸೊಸೆ ಸೊಳ್ಳೆಪರದೆ ಹೊಲಿದಳು. ಉಳಿಸಿಟ್ಟಿದ್ದ ಊದಿನಕಡ್ಡಿಯ ಕಟ್ಟುಗಳನ್ನು ಬೀದಿ ಕೊನೆಯ ಗುಡಿಗೆ ಕೊಟ್ಟೆ, ಬಯಲಿನಲ್ಲಿ ಹಚ್ಚಿಕೊಳ್ಳಲಿ. ಕೊಡುವಾಗ ಒಂದು ಕಟ್ಟನ್ನು ಮೂಗಿಗೆ ಹಿಡಿದು ಮೂಸಿದ್ದು ನಿಜ. ನನ್ನ ಕೈಯೇ ಹೊಸೆದ ಕಡ್ಡಿಗಳು. ಕಷ್ಟವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕೂಸು ಆಸ್ಪತ್ರೆಯ ಮಂಚದಿಂದ ನೋಡಿದ ನೋಟ ನೆನೆದರೆ ಮೂಗಿನ ಆಸೆ ಯಾವ ಲೆಕ್ಕ.

ಯಜಮಾನರದ್ದೇ ದೊಡ್ಡ ರಗಳೆ. ಬಚ್ಚಲೊಲೆ ಆರಿಸಿ, ಬಕೆಟ್ಟಿಗೆ ಕರೆಂಟಿನ ಕಾಯಿಲ್ ಇಟ್ಟ ಮೊದಲ ದಿನವೇ ಟವೆಲ್ ಸುತ್ತಿಕೊಂಡು ಬಂದು ನಿಂತರು.

“ಅಲ್ಲಾ ಕಣೇ, ಹಂಡೆ ನೀರ್ ಹುಯ್ಕೊಂಡ್ರೆ ಅದು ಸ್ನಾನ. ಇದೇನು, ಕೋಳಿ ತೊಳ್ದಂಗೆ?”

“ಕೋಳಿಗಾದ್ರೆ ಇಷ್ಟು ಮಾತಿಲ್ಲ ಕಣ್ರೀ. ಓಗಿ, ಆರೋಯ್ತದೆ ನೀರು.”

ಸ್ನಾನಕ್ಕೆ ಬಗ್ಗಿದರು. ಧೂಪಕ್ಕೆ ಬಗ್ಗಲಿಲ್ಲ. ತಂದೆಯ ಕಾಲದಿಂದ ಬಂದದ್ದು, ಧೂಪ ಹಾಕದೆ ಲಿಂಗಪೂಜೆ ಮುಗಿಯುವುದು ಹೇಗೆ ಅಂತ ಹಟ ಹಿಡಿದರು. ನನ್ನ ಮಾತಿಗೆ ಬಗ್ಗುವ ವಿಷಯ ಅದಲ್ಲ ಅಂತ ಗೊತ್ತಾಯಿತು. ಸೋಮವಾರ ಅವರನ್ನೇ ಕರೆದುಕೊಂಡು ಮಠಕ್ಕೆ ಹೋದೆ. ನಾವು ನಡೆದುಕೊಳ್ಳುವ ಮಠ, ಹಿರಿಯ ಸ್ವಾಮಿಗಳು. ಕಾಲಿಗೆ ಬಿದ್ದು, ಕೂಸಿನ ಕಥೆ ಹೇಳಿ ಕೇಳಿದೆ. “ಬುದ್ಧೀ, ಧೂಪ ಇಲ್ದೆ ಪೂಜೆ ಆಯ್ತದಾ?”

ಅವರು ಯಜಮಾನರ ಕಡೆ ನೋಡಿದರು. “ಹೂವಿಗೆ ವಾಸನೆ ಇಲ್ಲವೇನಪ್ಪಾ? ಉಸಿರೇ ಲಿಂಗ ಅಂತ ನಂಬಿದವರು ನಾವು. ಮಗುವಿನ ಉಸಿರು ಕಟ್ಟಿಸಿ ಯಾರಿಗೆ ಧೂಪ ಹಾಕ್ತೀಯ?”

ಮಾರನೇ ಬೆಳಗ್ಗೆ ನೋಡಿದರೆ ದೇವರ ಗೂಡಿನಲ್ಲಿ ಮಲ್ಲಿಗೆ, ಸಂಪಿಗೆ, ಒಂದು ಹಿಡಿ ಮರುಗ. ಯಜಮಾನರು ಧೂಪಾರತಿಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ ಅಟ್ಟದ ಮೇಲೆ ಇಟ್ಟಿದ್ದರು. ನಾನು ಅವರ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಇನ್ನು ಪಂಪಿನ ವಿಷಯ. ಇದ್ದದ್ದು ಎರಡು ಪಂಪು, ಉಬ್ಬಸ ಬಂದಾಗ ಕೊಡಲು ನೀಲಿಯದು, ದಿನವೂ ಕೊಡಲು ಇನ್ನೊಂದು. ಮುಂಚೆ ಕೂಸು ಚೆನ್ನಾಗಿದ್ದಾಗ ದಿನದ ಪಂಪು ನಿಲ್ಲಿಸಿಬಿಡುತ್ತಿದ್ದೆವು. ಸುಖವಾಗಿರುವ ಮಗುವಿಗೆ ಯಾಕೆ ಔಷಧ ಅಂತ. ಡಾಕ್ಟರು ಈ ಸಲ ನನ್ನನ್ನೇ ಎದುರು ಕೂರಿಸಿಕೊಂಡು ಕೇಳಿದರು. “ಅಮ್ಮಾ, ಗಿಡ ಬಾಡಿದ ಮೇಲೆ ನೀರು ಹಾಕ್ತೀರಾ, ಬಾಡದೆ ಇರಲಿ ಅಂತ ಹಾಕ್ತೀರಾ?” ತಲೆಗೆ ಹೋಯಿತು. ಬೆಳಗ್ಗೆ ಹಲ್ಲುಜ್ಜುವ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಬುರುಡೆ ಬಾಯಿಗಿಟ್ಟು ಕೂಸು ಉಸಿರು ಎಳೆಯುವುದು, ನಾನು ಮುಂದೆ ಕೂತು ಮುಖ ಅರಳಿಸುವುದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು. ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ ಬೇರೆ. ದಿನವೂ ಅಜ್ಜಿಯೇ ಸೋಲಬೇಕು.

ಎದುರು ಮನೆಯವರು ನಿವೃತ್ತರಾದ ಬಸ್ ಕಂಡಕ್ಟರು. ಗಲ್ಲಿಯೆಲ್ಲ ಕಂಡಕ್ಟರಣ್ಣ ಅನ್ನುತ್ತದೆ. ನನ್ನನ್ನು ಅಕ್ಕ ಅನ್ನುತ್ತಾರೆ. ಜಗಲಿಯಲ್ಲಿ ಪಂಪು ಕೊಡುವುದನ್ನು ನೋಡಿ ಒಂದು ದಿನ ಕೂಗಿದರು.

“ಅಕ್ಕಾ, ಆ ಪಂಪ್ ಒಂದ್ಸಲ ಹಿಡಿದ್ರೆ ಅಭ್ಯಾಸ ಆಗೋಯ್ತದೆ. ಸಾಯೋವರ್ಗೂ ಬುಡಲ್ಲ.”

“ನೀವು ಕನ್ನಡಕ ಹಾಕ್ಕೊಂಡು ಎಷ್ಟು ಕಾಲ ಆಯ್ತು ಕಂಡಕ್ಟರಣ್ಣ? ಅಭ್ಯಾಸ ಆಗೋಗದೆ, ತೆಗ್ದುಬುಡಿ. ತೆಗ್ದು ಒಂದ್ಸಲ ಆ ರಸ್ತೆ ದಾಟಿ ನೋಡಣ.”

ಅವರು ನಕ್ಕು ಪೇಪರಿನ ಹಿಂದೆ ಮುಖ ಇಟ್ಟುಕೊಂಡರು. ಆದರೆ ಅವರ ಜೊತೆ ನನ್ನ ನಿಜವಾದ ಜಗಳ ಇನ್ನೂ ಬಾಕಿಯಿತ್ತು. ಅವರ ಮನೆ ಮುಂದೆ ಒಂದು ಬಾದಾಮಿ ಮರ. ಚಳಿ ಬಿತ್ತೆಂದರೆ ಅಂಗೈ ಅಗಲದ ಕೆಂಪು ಎಲೆ ಉದುರಿಸುತ್ತದೆ. ಅವರು ಬೆಳಗ್ಗೆ ಎದ್ದು, ಗುಡಿಸಿ, ರಾಶಿ ಮಾಡಿ, ಬೆಂಕಿಕಡ್ಡಿ ಗೀರುತ್ತಾರೆ. ಆ ಹೊಗೆ ಮೇಲಕ್ಕೂ ಹೋಗುವುದಿಲ್ಲ, ಆಚೆಗೂ ಹೋಗುವುದಿಲ್ಲ, ಮಂಜಿನ ಜೊತೆ ಸೇರಿ ನೇರ ನಮ್ಮ ಬಾಗಿಲಿಗೆ ಬರುತ್ತದೆ. ನನ್ನ ಮನೆಯ ಗುಡ್ಡವೆಲ್ಲ ಕಡಿದಿದ್ದೆ. ಇದು ಬೀದಿಯಿಂದ ನಡೆದು ಬರುವ ಗುಡ್ಡ.

ಒಂದು ಸಲ ಹೇಳಿದೆ. “ಆಯ್ತಕ್ಕ” ಅಂದರು, ಮಾರನೇ ದಿನ ಹಚ್ಚಿದರು. ಯಜಮಾನರ ಕೈಯಲ್ಲಿ ಹೇಳಿಸಿದೆ. “ಬೀದಿ ಕ್ಲೀನಾಗಿರ್ಬೇಕಲ್ಲ ಯಜಮಾನ್ರೇ” ಅಂದರು, ಹಚ್ಚಿದರು. ಮೂರನೇ ಸಲ ನಾನು ಮಾತಾಡಲಿಲ್ಲ. ಅವರು ಎಲೆ ರಾಶಿ ಮಾಡಿ ಬೆಂಕಿಪೊಟ್ಟಣ ತರಲು ಒಳಗೆ ಹೋದಾಗ, ಮಣೆ ತೆಗೆದುಕೊಂಡು ಹೋಗಿ ರಾಶಿಯ ಮೇಲೆ ಹಾಕಿ ಕೂತುಬಿಟ್ಟೆ.

ಹೊರಗೆ ಬಂದವರು ಬೆಚ್ಚಿದರು. “ಇದೇನಕ್ಕ, ಸುಡಕ್ಕೆ ಕಾಮಣ್ಣನ್ನ ಕೂರ್ಸ್ದಂಗೆ ಕೂತಿದ್ದೀರಿ!”

“ಕಾಮಣ್ಣನ್ನ ಸುಡ್ತೀರೋ ಬುಡ್ತೀರೋ ನಿಮ್ಗೇ ಸೇರಿದ್ದು. ಹಚ್ಚಿ. ನಾನಂತೂ ಏಳಕಿಲ್ಲ.”

“ಜನ ನೋಡ್ತಾವ್ರೆ, ಏಳಿ ಅಕ್ಕ.”

“ನೋಡ್ಲಿ. ಹಾಲಿನವನು, ಪೇಪರಿನವನು ಎಲ್ಲಾ ನೋಡ್ಲಿ.”

“ಮತ್ತೆ ಈ ಎಲೆ ಎಲ್ಲಿಗ್ ಹಾಕ್ಲಿ? ನನ್ ತಲೆ ಮೇಲಾ?”

ಅದಕ್ಕೆ ಉತ್ತರ ಇಟ್ಟುಕೊಂಡೇ ಕೂತಿದ್ದೆ. ಬಚ್ಚಲೊಲೆ ನಿಂತ ಮೇಲೆ ನಮ್ಮ ಹಿತ್ತಲಿನಲ್ಲಿ ಸೌದೆ ಒಟ್ಟುತ್ತಿದ್ದ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಮಗನ ಕೈಯಲ್ಲಿ ಗುಂಡಿ ತೋಡಿಸಿದ್ದೆ. “ನಮ್ ಹಿತ್ಲಿಗ್ ಹಾಕಿ. ಕೊಳ್ತು ಗೊಬ್ಬರ ಆಯ್ತದೆ. ನಿಮ್ ಗುಲಾಬಿ ಕುಂಡಕ್ಕೆ ನೀವೇ ತಗೊಂಡೋಗಿ.”

ಕಂಡಕ್ಟರಣ್ಣ ಬೆಂಕಿಪೊಟ್ಟಣವನ್ನೂ ನನ್ನನ್ನೂ ನೋಡಿದರು. ಒಳಗಿನಿಂದ ಕೂಸು ಬಾಗಿಲಿಗೆ ಬಂದು ನಿಂತು ಇಬ್ಬರನ್ನೂ ನೋಡುತ್ತಿತ್ತು. ಅವರು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, “ಮಂಕರಿ ಆದ್ರೂ ಕೊಡಿ ಮತ್ತೆ” ಅಂದರು. ಅವತ್ತಿನಿಂದ ದಿನಾ ಬೆಳಗ್ಗೆ ಹಿತ್ತಲ ಬಾಗಿಲಲ್ಲಿ ಅವರ ಗಂಟಲು. “ಹೋಲ್ಡಾನ್! ಎಲೆ ಬಂತು!” ಬುಟ್ಟಿ ಖಾಲಿಯಾದ ಮೇಲೆ ಕೂಸು ಒಳಗಿನಿಂದ, “ರೈಟ್ ರೈಟ್!”

ದೀಪಾವಳಿಗೆ ನಮ್ಮ ಮನೆಯಲ್ಲಿ ಪಟಾಕಿ ಇಲ್ಲ. ಕೂಸು ಮುಖ ಊದಿಸಿಕೊಂಡಿತು. ಹಣತೆಯ ಸಾಲನ್ನು ತಾನೇ ಜೋಡಿಸಲಿ ಅಂತ ಬಿಟ್ಟೆ. ಬೀದಿಯಲ್ಲಿ ಸದ್ದು ಶುರುವಾದ ಕೂಡಲೇ ಕಿಟಕಿ ಬಾಗಿಲು ಮುಚ್ಚಿ ಒಳಗೆ ಚೌಕಾಬಾರ ಆಡಿದೆವು. ಕೂಸು ಮೋಸ ಮಾಡಿ ಗೆದ್ದಿತು. ಮೋಸ ಮಾಡಲು ಎದೆಯಲ್ಲಿ ಬಲ ಇದೆಯಲ್ಲ ಅಂತ ನನಗೆ ಹಿಗ್ಗು.

ಧನುರ್ಮಾಸದ ಚಳಿ ಬಂತು. ಹೆದರಿದ್ದೆವು, ಹೆದರಿದ ಹಾಗೆಯೇ ಆಯಿತು. ನೆಗಡಿ ಹಿಡಿದು, ಒಂದು ಬೆಳಗ್ಗೆ ಕೂಸು ಎದ್ದು ಕೂತು ಎದೆ ಹಿಡಿದುಕೊಂಡಿತು. ಸುಯ್ ಅನ್ನುವ ಸೀಟಿ. ಸೊಸೆ ಅಳಲು ಶುರುಮಾಡಿದಳು. ಮಗ ಶಿಫ್ಟಿನಲ್ಲಿದ್ದ. ಮುಂಚಿನ ವರ್ಷವಾಗಿದ್ದರೆ ಎದೆಗೆ ಎಣ್ಣೆ ತಿಕ್ಕಿ, ಕೆಂಡಕ್ಕೆ ಓಮಿನಕಾಳು ಹಾಕಿ ಹೊಗೆ ತೋರಿಸುತ್ತಾ ಕೂರುತ್ತಿದ್ದೆ. ಈ ಸಲ ಸೊಸೆಗೆ ಹೇಳಿದೆ. “ಅಳ್ಬ್ಯಾಡ ಕಣಮ್ಮ. ನೀಲಿ ಪಂಪ್ ತಾ. ಬುರುಡೆ ತಾ.”

ಡಾಕ್ಟರು ಹೇಳಿಕೊಟ್ಟಂತೆ ಕೂಸನ್ನು ನೆಟ್ಟಗೆ ಕೂರಿಸಿದೆ. ಒಂದು ಸಲ ಒತ್ತುವುದು, ಮೆಲ್ಲಗೆ ಉಸಿರಾಡಿಸುವುದು, ಕಾಯುವುದು, ಇನ್ನೊಂದು ಸಲ ಒತ್ತುವುದು. ಯಜಮಾನರು ಆಗಲೇ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಇಳಿಯದಿದ್ದರೆ ಹೊರಡುವುದು ಅಂತ. ಆಟೋದವನು ಇಂಜಿನ್ ಆರಿಸದೆ ಕಾಯುತ್ತಿದ್ದ. ಆ ಹೊಗೆ ಬಾಗಿಲಿಗೆ ಬರುವುದು ಕಂಡು, “ಮೊದ್ಲು ಗಾಡಿ ಆಫ್ ಮಾಡಪ್ಪಾ!” ಅಂತ ಒಳಗಿನಿಂದಲೇ ಗದರಿದೆ. ಕೂಸಿನ ಪಕ್ಕೆಯ ಮೇಲೆ ಕೈಯಿಟ್ಟು ಕೂತೆ. ಒಳಗೆ ಎಳೆದುಕೊಳ್ಳುತ್ತಿದ್ದ ಪಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಸೀಟಿ ಸಣ್ಣದಾಯಿತು. ಕೂಸು ಬುರುಡೆ ಪಕ್ಕಕ್ಕೆ ತಳ್ಳಿ ಒಂದು ಮಾತು ಹೇಳಿತು.

“ಅಜ್ಜಿ, ದೋಸೆ.”

ಅಯ್ಯೋ ನನ್ನಪ್ಪಾ! ಆ ಎರಡು ಅಕ್ಷರ ಕೇಳಿ ನಾನು ಅತ್ತುಬಿಟ್ಟೆ. ಆಸ್ಪತ್ರೆಗೆ ಹೋದೆವು, ಆದರೆ ಮಂಚ ಹತ್ತಲು ಅಲ್ಲ, ದೋಸೆ ತಿಂದು ನಿಧಾನವಾಗಿ ಡಾಕ್ಟರಿಗೆ ತೋರಿಸಿ ಬರಲು. ಅವರು ಎದೆಗೆ ಕೊಳವೆ ಇಟ್ಟು ಕೇಳಿ, “ಸರಿಯಾಗಿ ಮಾಡಿದ್ದೀರಿ, ಮನೆಗೆ ಕರ್ಕೊಂಡು ಹೋಗಿ” ಅಂದರು. ಯಜಮಾನರು ಆಟೋದವನನ್ನೂ ಕರೆದು ಬಾಗಿಲ ಮುಂದೆ ಕಾಫಿ ಕುಡಿಸಿದರು.

ಸಂಕ್ರಾಂತಿಗೆ ಮುಂಚೆ ಪೆಟ್ಟಿಗೆಯ ಹುಡುಗಿ ಮತ್ತೆ ಬಂದಳು. ಅದೇ ಗೂಡು, ಅದೇ ಪೆಟ್ಟಿಗೆ.

“ಪೂಜೆ ಮಾಡಲ್ವಾ ಅಜ್ಜಿ?” ಅಂತ ಕೆಣಕಿದಳು.

“ಒಂದು ಹೂ ಇಡ್ತೀನಿ ಕಣವ್ವಾ. ಮೂಗಿನ ಮೇಲಲ್ಲ, ಪಕ್ಕಕ್ಕೆ.”

ಕೆಲವು ದಿನ ಬಿಟ್ಟು ಪೆಟ್ಟಿಗೆ ತೆಗೆಯಲು ಬಂದಾಗ ತೋರಿಸಿದಳು. ಈ ಸಲದ ಗೆರೆ ನೋಡಬೇಕಿತ್ತು. ಬೆಟ್ಟವೂ ಇಲ್ಲ, ದಿಣ್ಣೆಯೂ ಇಲ್ಲ, ಕೆರೆಯ ನೀರಿನ ಹಾಗೆ ಮಲಗಿತ್ತು. ನಡುಹಗಲಿನ ಆ ಮೊಟಕು ದಿಬ್ಬ ಒಂದೇ ಉಳಿದಿತ್ತು.

“ಒಗ್ಗರಣೆ ಮಾತ್ರ ಬುಡಕಿಲ್ಲ,” ಅಂದೆ.

“ಬಿಡಬೇಡಿ. ಕಿಟಕಿ ತೆಗೆದು ಹಾಕಿ. ಸಾರು ಕೆಡಬಾರದು,” ಅಂದು ನಕ್ಕಳು. ಕೂಸಿನ ಕೈಯಲ್ಲಿ ಕೊಳವೆ ಊದಿಸಿದಳು. ಕೂಸು ಈ ಸಲ ಕೆಮ್ಮದೆ ಕೊನೆಯ ತನಕ ಊದಿತು. ಮುಖ ಕೆಂಪಾಗುವಷ್ಟು ಊದಿ, ಗೆದ್ದವರ ಹಾಗೆ ನಮ್ಮನ್ನೆಲ್ಲ ನೋಡಿತು. ಒಂದು ಮನೆಯ ಗೆರೆಯಿಂದ ಏನೂ ಸಿದ್ಧವಾಗುವುದಿಲ್ಲವಂತೆ, ಬೇಕಾದಷ್ಟು ಮನೆಗಳ ಗೆರೆ ಸೇರಿಸಿ ನೋಡಬೇಕಂತೆ. ಸೇರಿಸಿಕೊಳ್ಳಲಿ. ನಮ್ಮ ಮನೆಯ ಗೆರೆ ಬೇರೆ ಮಕ್ಕಳ ಎದೆಗೂ ಆಗಿಬರಲಿ. ನನ್ನ ಕೈಗೂ ಕೊಳವೆ ಬಂತು. ನನ್ನದು ಹೋದ ಸಲದಷ್ಟೇ ಇತ್ತು, ಮೇಲೂ ಇಲ್ಲ ಕೆಳಗೂ ಇಲ್ಲ. ಡಾಕ್ಟರು ನನಗೂ ಒಂದು ಪಂಪು ಬರೆದುಕೊಟ್ಟಿದ್ದಾರೆ. ಉಗುಳುವ ಪಂದ್ಯ ಈಗ ಸರಿಸಮ.

ಸಂಕ್ರಾಂತಿಯ ದಿನ ಬೀರು ತೆಗೆದು ಲಂಗ ಈಚೆಗೆ ತೆಗೆದೆವು. ಸೊಸೆ ಕೊನೆಯ ಮಡಿಕೆಯನ್ನೂ ಬಿಚ್ಚಿ ಇಸ್ತ್ರಿ ಮಾಡಿದ್ದಳು. ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಗೆರೆ ಕಾಣುತ್ತಿತ್ತು. ಕಾಣಲಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡ್ಲೆ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಟ್ಟೆ. ನಾನು ಮುಂದೆ, ಕೂಸು ಹಿಂದೆ ಅಂತ ಹೊರಟೆವು. ಗಲ್ಲಿಯ ಮಧ್ಯಕ್ಕೆ ಬರುವಷ್ಟರಲ್ಲಿ ಕೂಸು ಮುಂದೆ, ನಾನು ಹಿಂದೆ.

ಮೊದಲು ಕಂಡಕ್ಟರಣ್ಣನ ಮನೆಗೇ ಹೋಯಿತು. ನಾನು ಹೇಳಿರಲಿಲ್ಲ, ಅದೇ ಹೋಯಿತು. ತಟ್ಟೆ ಚಾಚಿ, “ತಾತಾ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ!” ಅಂತ ಗಂಟಲೆತ್ತಿ ಕೂಗಿತು. ಆ ಗಂಟಲು ಕೇಳಬೇಕಿತ್ತು ನೀವು. ಬೀದಿಯ ಆ ತುದಿಗೆ ಅಂಗಡಿಯಲ್ಲಿದ್ದ ಯಜಮಾನರಿಗೆ ಕೇಳಿಸಿತಂತೆ.

ಕಂಡಕ್ಟರಣ್ಣ ಎಳ್ಳು ಬಾಯಿಗೆ ಹಾಕಿಕೊಂಡು ನನ್ನ ಕಡೆ ಕಣ್ಣು ಹಾಯಿಸಿದರು. “ಕೂಸೇ, ಒಳ್ಳೆ ಮಾತಿಗಾದ್ರೆ ನಿಮ್ಮಜ್ಜಿಗೆ ಎರಡು ಪಾಲು ಕೊಡವ್ವಾ ಮೊದ್ಲು. ಬೆಳಗ್ಗೆ ಎದ್ರೆ ನನ್ ಮೇಲೇನೇ.”

“ಕೊಟ್ಟಿದ್ದೀನಿ ತಾತ, ಸಾಲ್ದು ಅಂತಾರೆ,” ಅಂದು ಕೂಸು ಮುಂದಿನ ಮನೆಗೆ ಓಡಿತು. ಓಡಿತು! ಲಂಗ ಎರಡೂ ಕೈಯಲ್ಲಿ ಎತ್ತಿಕೊಳ್ಳಲು ತಟ್ಟೆಯನ್ನು ನನ್ನ ಕೈಗೆ ತುರುಕಿ ಓಡಿತು. ಮನೆಯಿಂದ ಮನೆಗೆ, ಮೆಟ್ಟಿಲು ಹತ್ತಿ ಇಳಿದು, ಮತ್ತೆ ಓಡಿ. ಕೆಲವು ಮನೆಯವರಿಗೆ ಇಂಥ ಮಗು ಈ ಗಲ್ಲಿಯಲ್ಲಿ ಇದೆಯೆಂದೇ ಗೊತ್ತಿರಲಿಲ್ಲ. ತಟ್ಟೆ ಹಿಡಿದು ಹಿಂದೆ ಹಿಂದೆ ಹೋದೆ. ತಿರುವಿಗೆ ಬಂದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಯಾರದೋ ಜಗಲಿಯ ಮೇಲೆ ಕೂತುಬಿಟ್ಟೆ.

ಮುಂದೆ ಹೋಗಿದ್ದ ಕೂಸು ತಿರುಗಿ ಬಂತು. ಸೊಂಟದ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡಿ, ಥೇಟ್ ನನ್ನ ದನಿಯಲ್ಲಿ ಕೇಳಿತು.

“ಯಾಕಜ್ಜಿ, ಸುಯ್ ಅಂತಿದ್ಯಾ? ಪಂಪ್ ತರ್ಲಾ?”

“ಬ್ಯಾಡ ಕಣವ್ವಾ,” ಅಂದೆ. “ಸುಮ್ನೆ ಕೂತೀವ್ನಿ. ನೀನ್ ಓಡು. ಇನ್ನೂ ಆ ಕಡೆ ಸಾಲು ಪೂರ್ತಿ ಬಾಕಿ ಅದೆ.”